ತುಳುವದ ಹಣ್ಣು ಅಜ್ಜಿಗೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಹಲಸಿನ ಸೀಸನ್ ಬಂತು ಅಂದ್ರೆ ಒಂದು ಮನೆಯವರೇ ತಿಂದು ಮುಗಿಯುವಂಥದ್ದಲ್ಲ, ನೆರೆಕರೆಗೆ ಹಂಚ್ಲೇಬೇಕು. ನಮ್ಮ ಮನೆ ಬೇಳದ ಹತ್ರ, ಸುತ್ತ ತುಳುವಿನವರು, ಬ್ಯಾರಿಗಳು, ಮಲಯಾಳದವರು, ಅಮ್ಮ ಒಂದು ಮನೆಯನ್ನೂ ಬಿಡ್ತಿರ್ಲಿಲ್ಲ. ಆದ್ರೆ ಹಲ್ಲಿಲ್ಲದ ಅಜ್ಜಿಗೆ ಮೆತ್ತಗಿನ ತುಳುವ, ಮಕ್ಕಳಿರುವಲ್ಲಿಗೆ ಗಟ್ಟಿ ತೊಳೆಯ ಬಕ್ಕೆ, ಶುಗರ್ ಇದ್ದ ಮಾಸ್ಟ್ರಿಗೆ ಹಣ್ಣೇ ಇಲ್ಲ, ಪಲ್ಯಕ್ಕೆ ಗುಜ್ಜೆ, ಅಂದ್ರೆ ಎಳೆ ಹಲಸು. ಹೊತ್ತುಕೊಂಡು ಹೋಗುವವ ನಾನು, "ಎಲ್ರಿಗೂ ಒಂದೇ ತರದ್ದು ಕೊಡ್ಬಾರ್ದಾ" ಅಂತ ಕೇಳಿದ್ದೆ. "ಅಜ್ಜಿ ಬಕ್ಕೆ ತಗೊಂಡು ಎಂತ ಮಾಡುದು ಮಗಾ, ನೋಡ್ತಾ ಕೂತ್ಕೊಳ್ಳುದಾ?" ಅಂದ್ರು.

ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತು ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯದಲ್ಲೇ ಉಂಟು, ಯೇಸು ಅದನ್ನ ಮತ್ತೆ ಎತ್ತಿ ಹೇಳಿದ್ದು. ಡೆನ್ಮಾರ್ಕಿನ ತತ್ವಜ್ಞಾನಿ ಸೋರೆನ್ ಕಿರ್ಕೆಗಾರ್ಡ್ 1847ರಲ್ಲಿ ಪ್ರೀತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮಾತನ್ನ ಹಿಡಿದು ಬಹಳ ದೂರ ಹೋಗ್ತಾರೆ. ಇಷ್ಟ ಆದವರನ್ನ ಪ್ರೀತಿಸ್ಲಿಕ್ಕೆ ಆಜ್ಞೆ ಎಂತಕ್ಕೆ, ಅದು ತನ್ನಷ್ಟಕ್ಕೆ ಬರ್ತದೆ, ನೆರೆಯವನು ಅಂದ್ರೆ ನಾವು ಆರಿಸಿಕೊಂಡವನಲ್ಲ, ಬಾಗಿಲು ತೆಗೆದು ಹೊರಗೆ ಬಂದಾಗ ಮೊದಲು ಸಿಗುವ ಮನುಷ್ಯ, ಅವನು ಯಾರೇ ಆಗಿರ್ಲಿ.

ಹಾಗಾದ್ರೆ ಮುಖ ನೋಡದೆ ಪ್ರೀತಿಸುದಾ? ನಾನು ಬಹಳ ದಿನ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಅದಕ್ಕೆ ಅವರದ್ದೊಂದು ಹೋಲಿಕೆ ಉಂಟು, ನಂಗೆ ತುಂಬಾ ಹಿಡಿಸಿದ್ದು. ಒಂದಷ್ಟು ಕಾಗದ ತಗೊಂಡು ಒಂದೊಂದರಲ್ಲೂ ಬೇರೆ ಬೇರೆ ಬರೀರಿ, ಒಂದರ ಹಾಗೆ ಇನ್ನೊಂದಿಲ್ಲ, ಆದ್ರೆ ಬೆಳಕಿಗೆ ಹಿಡಿದ್ರೆ ಎಲ್ಲದರೊಳಗೂ ಅದೇ ವಾಟರ್‌ಮಾರ್ಕ್, ನಮ್ಮ ನೋಟಿನಲ್ಲಿ ಗಾಂಧೀಜಿ ಕಾಣುವ ಹಾಗೆ. ಬರೆದದ್ದು ಅಂದ್ರೆ ನಮ್ಮ ನಮ್ಮ ವ್ಯತ್ಯಾಸ, ಒಳಗಿನ ಗುರುತು ಅಂದ್ರೆ ನೆರೆಯವ. ಆ ಗುರುತು ಕಾಣ್ಬೇಕು ಅಂತ ಬರೆದದ್ದನ್ನ ಉಜ್ಜಿ ಅಳಿಸ್ಬೇಕಾಗಿಲ್ಲ ಅಂತ ನಾನು ಸೇರಿಸ್ತೇನೆ. ದರ್ಪದ ಮನುಷ್ಯನಿಗೆ ಎಲ್ಲರೂ ತನ್ನ ಹಾಗೇ ಆಗ್ಬೇಕು, ನಿಜವಾದ ಪ್ರೀತಿ ಒಬ್ಬೊಬ್ಬರನ್ನೂ ಅವರವರ ರೀತಿಯಲ್ಲೇ ಪ್ರೀತಿಸ್ತದೆ, ಇದೂ ಅದೇ ಪುಸ್ತಕದಲ್ಲಿ ಉಂಟು.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯ ಸಮಾರ್ಯದವನನ್ನೇ ನೋಡಿ, ಅವನು ಯೆಹೂದ್ಯರು ದೂರ ಇಡ್ತಿದ್ದ ಜನದವನು, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನು ಯಾವ ಜನ ಅಂತ ಅವನು ಕೇಳ್ಲಿಲ್ಲ, ಆದ್ರೆ ಗಾಯ ಎಲ್ಲಿ ಅಂತ ನೋಡಿದ, ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದ, ನಡೀಲಿಕ್ಕೆ ಆಗದವನನ್ನ ತನ್ನ ಪಶುವಿನ ಮೇಲೆ ಕೂರಿಸಿದ.

ನಮ್ಮ ತುಳುವದ ಮರ ಮಾಡಿನ ಮೇಲೆ ಬಾಗಿತ್ತು, ಕಡಿದು ಮಾರಿಬಿಡಿ ಅಂತ ಎಲ್ರೂ ಹೇಳಿದ್ರು. ಮಳೆಗಾಲದಲ್ಲಿ ಗಾಳಿ ಬಂದ್ರೆ ಮನೆಯವರಿಗೆಲ್ಲ ಹೆದರಿಕೆ. ಅಜ್ಜಿ ತೀರಿಹೋದ ಮೇಲೆಯೇ ಅಮ್ಮ ಅದನ್ನ ಕಡಿಲಿಕ್ಕೆ ಬಿಟ್ಟದ್ದು.