ಓದಿದ್ದೇನೆ ಅಂತ ಸುಳ್ಳು ಹೇಳಿದ ಪುಸ್ತಕಗಳನ್ನೆಲ್ಲ ಓದಿದ ಜುಲೈ

ಈಗ ನಿಮಗೆ ಕಾಣ್ತಾ ಇರೋದು ಕ್ಯಾಮೆರಾ ಹಾಳಾದದ್ದಲ್ಲ ಮಾರಾಯ್ರೆ, ಅದು ಬಸ್ಸಿನ ಟರ್ಪಾಲು. ಉಡುಪಿಯಿಂದ ಮಂಗಳೂರಿಗೆ ಬೆಳಿಗ್ಗೆ ಹೋಗುವ ನಮ್ಮ ಬಸ್ಸು ಸ್ವಲ್ಪ ಹಳತು, ಮಳೆ ಜೋರಾದ್ರೆ ಕಂಡಕ್ಟರ್ ಬಂದು ಟರ್ಪಾಲು ಇಳಿಸಿ ಹೋಗ್ತಾರೆ, ಆಮೇಲೆ ಕಟಪಾಡಿ ಯಾವುದು ಪಡುಬಿದ್ರಿ ಯಾವುದು ಏನೂ ಗೊತ್ತಾಗುದಿಲ್ಲ, ಕೂಳೂರು ಸೇತುವೆ ಮೇಲೆ ಗಾಳಿ ಸದ್ದು ಬದಲಾದಾಗ ಓ ಮಂಗಳೂರು ಬಂತು ಅಂತ ಲೆಕ್ಕ. ಹೋಗ್ಲಿಕ್ಕೆ ಒಂದೂವರೆ ಗಂಟೆ, ಬರ್ಲಿಕ್ಕೆ ಒಂದೂವರೆ ಗಂಟೆ. ಈ ತಿಂಗಳ ಓದು ಹೆಚ್ಚುಕಮ್ಮಿ ಎಲ್ಲ ಈ ಟರ್ಪಾಲಿನ ಒಳಗೆ ಆದದ್ದು, ಮೊಬೈಲ್ ಟಾರ್ಚ್ ಹಾಕ್ಕೊಂಡು, ಪಕ್ಕದಲ್ಲಿ ಕೂತವರ ಕೊಡೆಯ ನೀರು ನನ್ನ ಚಪ್ಪಲಿಗೆ ಇಳೀತಾ.

ಶುರುವಾದದ್ದು ಹೇಗೆ ಅಂತ ಹೇಳ್ತೇನೆ. ಜೂನ್‌ನಲ್ಲಿ ಒಂದು ಮದುವೆ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಎಂತ ಓದ್ತೀ ಅಂತ ಕೇಳಿದ್ರು. ನಾನು ವ್ಲಾಗ್‌ನಲ್ಲಿ ಮಾತಾಡಿ ಅಭ್ಯಾಸ ಅಲ್ವಾ, ಕಾರಂತರ ಬೆಟ್ಟದ ಜೀವ ನನ್ನ ಫೇವರಿಟ್ ಅಂತ ಹೊಡ್ದೆ. ಅವರು ಪಾಪ ಖುಷಿಯಲ್ಲಿ, ಹೌದಾ, ಆ ಮಗ ಶಂಭುವಿನ ಬಗ್ಗೆ ನಿಂಗೆ ಎಂತ ಅನ್ನಿಸ್ತು ಅಂತ ಕೇಳಿದ್ರು. ಸಾರು ಬಂತು, ಹೋಳಿಗೆ ಬಂತು, ನನಗೆ ಉತ್ತರ ಬರ್ಲಿಲ್ಲ. ನಾನು ಆ ಕಾದಂಬರಿ ಓದಿಯೇ ಇರ್ಲಿಲ್ಲ. ಡಿಗ್ರಿಯಲ್ಲಿ ಪಠ್ಯ ಆಗಿತ್ತು, ಗೈಡ್ ಓದಿ ಪಾಸ್ ಆದವಳು ನಾನು. ಅವತ್ತು ರಾತ್ರಿ ಕೂತು ಒಂದು ಲಿಸ್ಟ್ ಮಾಡಿದೆ, ಓದಿದ್ದೇನೆ ಅಂತ ಎಲ್ಲೆಲ್ಲಿ ಯಾರ್ಯಾರಿಗೆ ಹೇಳ್ಕೊಂಡು ಬಂದಿದ್ದೇನೆ, ಅದರಲ್ಲಿ ನಿಜವಾಗಿ ಓದದೆ ಇದ್ದದ್ದು ಎಷ್ಟು ಅಂತ. ಆರು ಬಂತು. ಜುಲೈ ಪೂರ್ತಿ ಆ ಸಾಲ ತೀರಿಸಿದ್ದು.

ಇದು ನನ್ನ ಬೆಟ್ಟದ ಜೀವದ ಕಾಪಿ. ಕಾಲೇಜಿಗೆ ಹೋಗುವಾಗ ಮಂಗಳೂರಿನ ಅತ್ರಿ ಬುಕ್ ಸೆಂಟರಿನಲ್ಲಿ ತೆಗೊಂಡದ್ದು. ಆ ಅಂಗಡಿ 2012ರಲ್ಲೇ ಮುಚ್ಚಿತು, ಪುಸ್ತಕ ಮಾತ್ರ ನೋಡಿ, ಹೊಸದೇ. ಓದಿದ್ರೆ ತಾನೆ ಹಳತಾಗ್ಲಿಕ್ಕೆ. 1943ರ ಕಾದಂಬರಿ ಇದು. ಸುಬ್ರಹ್ಮಣ್ಯದ ಕಡೆ ಕಾಡಿನಲ್ಲಿ ಒಬ್ಬ ದಾರಿ ತಪ್ತಾನೆ, ದೇರಣ್ಣ, ಬಟ್ಯ ಅಂತ ಇಬ್ಬರು ಸಿಗ್ತಾರೆ, ಕತ್ತಲೆಯಲ್ಲಿ ಅವನನ್ನು ಗೋಪಾಲಯ್ಯ ಅನ್ನುವವರ ಮನೆಗೆ ಮುಟ್ಟಿಸ್ತಾರೆ. ಅಷ್ಟೇ ಪ್ಲಾಟ್ ಅಂದ್ರೆ ಪ್ಲಾಟ್. ಗೈಡ್‌ನಲ್ಲಿ ಗೋಪಾಲಯ್ಯನವರ ಪಾತ್ರ ಚಿತ್ರಣ ಅಂತ ಪಾಯಿಂಟ್ ಪಾಯಿಂಟ್ ಇತ್ತು, ಸಾಹಸಿ, ಶ್ರಮಜೀವಿ, ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ, ನಾನೂ ಅದನ್ನೇ ಬರ್ದು ಮಾರ್ಕ್ ತೆಗೊಂಡೆ. ಈಗ ಓದಿದ್ರೆ ಆ ಪಾಯಿಂಟ್ ಯಾವುದೂ ತಪ್ಪಲ್ಲ, ಆದ್ರೆ ಒಂದೂ ಮುಖ್ಯ ಅಲ್ಲ. ಆ ಅಜ್ಜ ಯಾಕೆ ಅಷ್ಟು ಮಾತಾಡ್ತಾರೆ, ಗುರುತಿಲ್ಲದವನನ್ನು ಇವತ್ತು ಬೇಡ ನಾಳೆ ಹೋಗು, ನಾಳೆ ಬೇಡ ನಾಡಿದ್ದು ಅಂತ ಯಾಕೆ ಹಿಡಿದಿಟ್ಟುಕೊಳ್ತಾರೆ ಅಂದ್ರೆ, ಮಗ ಮನೆ ಬಿಟ್ಟು ಹೋಗಿದ್ದಾನೆ. ಗಂಡ ಮಾತಿನಲ್ಲಿ ಅದನ್ನು ಮುಚ್ತಾರೆ, ಹೆಂಡತಿ ಶಂಕರಿಗೆ ಮುಚ್ಲಿಕ್ಕೆ ಬರುದಿಲ್ಲ. ನಮ್ಮ ಓಣಿಯಲ್ಲಿ ಎಂಟು ಮನೆ, ಐದರಲ್ಲಿ ಗಂಡ ಹೆಂಡತಿ ಇಬ್ರೇ ಇರೋದು, ಮಕ್ಕಳು ಬೆಂಗಳೂರು, ದುಬೈ, ಮಸ್ಕತ್. ಹಾಲು ಕೊಡ್ಲಿಕ್ಕೆ ಹೋದ್ರೂ ಹತ್ತು ನಿಮಿಷ ಗೇಟಿನ ಹತ್ರ ನಿಲ್ಲಿಸ್ತಾರೆ, ನನಗೆ ಅದು ರಗಳೆ ಅನ್ನಿಸ್ತಿತ್ತು. ಸುರತ್ಕಲ್ ಹತ್ರ ಆ ಭಾಗ ಓದ್ತಾ ಇದ್ದೆ, ಪುಸ್ತಕ ಮುಚ್ಚಿ ಟರ್ಪಾಲು ನೋಡ್ತಾ ಕೂತೆ. ಎಂಟು ಮಾರ್ಕಿನ ಪ್ರಶ್ನೆ ಅದು!

ಮೇಷ್ಟ್ರಿಗೆ ಇನ್ನೂ ಫೋನ್ ಮಾಡ್ಲಿಲ್ಲ, ಮಾಡ್ಬೇಕು.

ಎರಡನೇದು, ದಿ ಓಲ್ಡ್ ಮ್ಯಾನ್ ಆ್ಯಂಡ್ ದಿ ಸೀ. ಇದು ಒಂದು ಇಂಟರ್‌ವ್ಯೂದಲ್ಲಿ ಹೇಳಿದ ಸುಳ್ಳು, ಹವ್ಯಾಸ ಅಂತ ಕೇಳಿದ್ರೆ ರೀಡಿಂಗ್, ಯಾವ ಆಥರ್ ಅಂದ್ರೆ ಹೆಮಿಂಗ್‌ವೇ, ಕೆಲಸ ಸಿಕ್ಕಿತು. 1952ರಲ್ಲಿ ಬಂದದ್ದು, ಸಣ್ಣ ಪುಸ್ತಕ, ಕ್ಯೂಬಾದ ಮುದುಕ ಸಾಂಟಿಯಾಗೊ, 84 ದಿನ ಆಯ್ತು ಒಂದು ಮೀನೂ ಸಿಕ್ಕಿಲ್ಲ. ಇದನ್ನು ಎಲ್ಲಿ ಓದಿದ್ದು ಗೊತ್ತುಂಟಾ, ಮಲ್ಪೆಯಲ್ಲಿ, ಭಾನುವಾರ, ಈಗ ಕಾಣ್ತಾ ಉಂಟಲ್ಲ, ಒಂದಕ್ಕೊಂದು ಹಗ್ಗ ಕಟ್ಟಿ ನಿಲ್ಸಿದ ಬೋಟುಗಳು, ಅದರ ಎದುರು. ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬ್ಯಾನ್, ಒಟ್ಟು 61 ದಿನ, ಮೀನು ಮರಿ ಹಾಕುವ ಸಮಯ ಅಂತ. ನಮ್ಮ ಪಕ್ಕದ ಮನೆಯ ಅಣ್ಣ ಬೋಟಿಗೆ ಹೋಗುವವರು, ರಜೆ ಅಲ್ವಾ, ಬಲೆ ರಿಪೇರಿ ಮಾಡ್ತಾ ಕೂತಿದ್ರು, ನಾನು ಅವರಿಗೆ ಕಥೆ ಹೇಳ್ತಾ ಹೋದೆ.

ಮಾರಾಯ್ರೆ, ಇಡೀ ತಿಂಗಳಲ್ಲಿ ಬೆಸ್ಟ್ ಬುಕ್ ಡಿಸ್ಕಷನ್ ಅದೇ. 84 ದಿನ ಅಂದ ಕೂಡ್ಲೆ ಅವರ ಮೊದಲ ಪ್ರಶ್ನೆ, ಅಷ್ಟು ದಿನ ಸಾಲ ಯಾರು ಕೊಟ್ಟದ್ದು? ಒಬ್ಬ ಹುಡುಗ ಊಟ ತಂದು ಕೊಡ್ತಾನೆ ಅಂದೆ, ಹಾಂ, ಹಾಗಾದ್ರೆ ಆಗ್ತದೆ ಅಂದ್ರು. ದೋಣಿ ಎಂಥದ್ದು ಅಂತ ಕೇಳಿದ್ರು, ಸಣ್ಣದು, ಹಾಯಿ ಕಟ್ಟಿದ್ದು, ಇಂಜಿನ್ ಇಲ್ಲ ಅಂದೆ. ಓ ನಾಡದೋಣಿ, ಅದಕ್ಕೆ ಬ್ಯಾನ್ ಕೂಡ ಇಲ್ಲ ಅಂದ್ರು. ಅದು ನಿಜ, ಸಣ್ಣ ನಾಡದೋಣಿಗಳು ಮಳೆಗಾಲದಲ್ಲೂ ಹೋಗ್ಬಹುದು, ಕಡಲು ಬಿಡ್ಬೇಕು ಅಷ್ಟೇ. ಆಮೇಲೆ ಮೀನು ಹದಿನೆಂಟು ಅಡಿ, ದೋಣಿಗಿಂತ ಉದ್ದ, ಒಳಗೆ ಹಾಕ್ಲಿಕ್ಕೆ ಆಗ್ಲಿಲ್ಲ ಅಂತ ಬದಿಗೆ ಕಟ್ಟಿಕೊಂಡು ಬರ್ತಾನೆ ಅಂತ ಹೇಳಿದೆ ನೋಡಿ, ಅವರು ಬಲೆ ಕೆಳಗಿಟ್ಟು ತಲೆ ಆಡಿಸಿದ್ರು. ರಕ್ತ ನೀರಿಗೆ ಬೀಳ್ತದಲ್ಲ, ತಾಟೆ ಬಂದೇ ಬರ್ತದೆ, ಹೆಗಲಿಗೆ ಇನ್ನೊಬ್ಬ ಇಲ್ಲದೆ ಅಂಥ ಮೀನಿಗೆ ಕೈ ಹಾಕ್ಲಿಕ್ಕೇ ಬಾರ್ದು ಅಂದ್ರು. ತಾಟೆ ಅಂದ್ರೆ ಶಾರ್ಕು. ಅವರು ಪುಸ್ತಕ ಓದ್ಲಿಲ್ಲ, ಆದ್ರೂ ಆಮೇಲೆ ಎಂತ ಆಗ್ತದೆ ಅಂತ ನನಗಿಂತ ಮುಂಚೆ ಅವರಿಗೆ ಗೊತ್ತಿತ್ತು. ಸಾಂಟಿಯಾಗೊ ಕೂಡ ಆ ಹುಡುಗ ಇರ್ಬೇಕಿತ್ತು ಇರ್ಬೇಕಿತ್ತು ಅಂತ ಪದೇ ಪದೇ ಹೇಳ್ತಾನೆ, ನಾನು ಅದನ್ನು ಮುದುಕನ ಒಂಟಿತನ ಅಂತ ಅಂದ್ಕೊಂಡಿದ್ದೆ, ಅದು ಮೊದಲು ಕೆಲಸದ ಮಾತು ಅಂತ ಅಣ್ಣ ಹೇಳಿದ ಮೇಲೆ ಹೊಳೆದದ್ದು. ಇಂಗ್ಲಿಷ್ ಓದು ಶುರು ಮಾಡುವವರಿಗೆ ಇದನ್ನೇ ಹೇಳ್ತೇನೆ, ಸಣ್ಣ ಸಣ್ಣ ವಾಕ್ಯ, ಡಿಕ್ಷನರಿ ಜಾಸ್ತಿ ಬೇಡ.

ಡಿಕ್ಷನರಿ ಬೇಕಾದದ್ದು ಮುದ್ದಣನಿಗೆ! ಶ್ರೀರಾಮಾಶ್ವಮೇಧಂ. ಮುದ್ದಣ ಮನೋರಮೆ ಅಂತ ನಾವೆಲ್ಲ ಸ್ಕೂಲಿನಲ್ಲಿ ಒಂದು ಪಾಠ ಓದಿದವರು, ಅಷ್ಟರಲ್ಲೇ ಇಡೀ ಪುಸ್ತಕ ಓದಿದ ಹಾಗೆ ಮಾತಾಡ್ತೇವೆ. ಇಲ್ಲೇ ಕಾರ್ಕಳದ ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದ್ದು, 1901ರಲ್ಲಿ ತೀರಿಹೋದದ್ದು, ಲೆಕ್ಕ ಹಾಕಿ, 31 ವರ್ಷ, ಈಗ ನನ್ನ ವಯಸ್ಸು. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು ಹಳಗನ್ನಡದಲ್ಲಿ ಇಂಥದ್ದು ಬರ್ದು, ಅದನ್ನು ತನ್ನದು ಅಂತ ಹೇಳದೆ ಯಾರೋ ಹಳೇ ಕವಿಯದ್ದು ಅನ್ನುವ ಹಾಗೆ ಮೈಸೂರಿನ ಪತ್ರಿಕೆಗೆ ಕಳಿಸಿದ್ರು. ಅವರು ಬರೆದದ್ದನ್ನು ಬರೀಲಿಲ್ಲ ಅಂದ್ರು, ನಾನು ಓದದ್ದನ್ನು ಓದಿದ್ದೇನೆ ಅಂದೆ. ಸುಳ್ಳಿನಲ್ಲೂ ಎಷ್ಟು ದರ್ಜೆ ಉಂಟು ನೋಡಿ.

ಪುಸ್ತಕ ಶುರುವಾಗುದೇ ಮಳೆಗಾಲದಲ್ಲಿ, ಗಂಡ ಮನೆಗೆ ಬರ್ತಾನೆ, ಹೆಂಡತಿ ಉಪಚಾರ ಮಾಡ್ತಾಳೆ, ಕಥೆ ಹೇಳು ಅಂತಾಳೆ, ಅವನು ಸಂಸ್ಕೃತ ಸುರಿದ್ರೆ ಬೈತಾಳೆ. ನಾನು ಫೋನಿನಲ್ಲಿ ಕಿಟ್ಟೆಲ್ ನಿಘಂಟು ಓಪನ್ ಮಾಡಿಟ್ಟುಕೊಂಡು ಓದಿದೆ, ಅದೂ 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಸತ್ಯ ಹೇಳ್ತೇನೆ, ಗಂಡ ಹೆಂಡತಿ ಮಾತು ಬಂದಲ್ಲೆಲ್ಲ ಓದಿದೆ, ಕುದುರೆ ಯುದ್ಧ ಬಂದಲ್ಲಿ ಹಾರಿಸಿದೆ. ಹಾಗಾಗಿ ಇದನ್ನು ಅರ್ಧ ಸಾಲ ತೀರಿತು ಅಂತ ಬರ್ಕೊಳ್ಳಿ.

ಈ ಶಾಟ್‌ನಲ್ಲಿ ಫ್ಯಾನ್ ಕೆಳಗೆ ನೆಟ್ಟಗೆ ನಿಲ್ಸಿದ್ದೇನಲ್ಲ, ಅದು ಸಾರಾ ಅಬೂಬಕ್ಕರ್ ಅವರ ಕಾದಂಬರಿ, ಚಂದ್ರಗಿರಿಯ ತೀರದಲ್ಲಿ. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತರಿಸಿದ್ದೆ, ಕವರ್ ಹರ್ದು ಅರ್ಧ ಒದ್ದೆಯಾಗಿ ಬಂತು. ಮಳೆಗಾಲದಲ್ಲಿ ಪುಸ್ತಕ ಒದ್ದೆಯಾದ್ರೆ ಬಚ್ಚಲ ಒಲೆ ಹತ್ರ ಇಡ್ಬೇಡಿ, ಒಣಗುದೇನೋ ಒಣಗ್ತದೆ, ಹಪ್ಪಳದ ಹಾಗೆ ಮುರುಟ್ತದೆ. ಹತ್ತಿಪ್ಪತ್ತು ಪುಟಕ್ಕೊಂದು ಟಿಶ್ಯೂ ಇಟ್ಟು ಫ್ಯಾನ್ ಗಾಳಿಗೆ ನಿಲ್ಸಿ, ಟಿಶ್ಯೂ ಒದ್ದೆಯಾದ ಹಾಗೆ ಬದಲಾಯಿಸ್ತಾ ಇರಿ, ಪೂರ್ತಿ ಒಣಗಿದ ಮೇಲೆ ಭಾರ ಹೇರಿ. ಇಲ್ಲದಿದ್ರೆ ಆಟಿ, ಅಂದ್ರೆ ತುಳುವಿನ ಈ ಮಳೆ ತಿಂಗಳು, ಮುಗಿಯುವ ಒಳಗೆ ಬೂಸಲು ಗ್ಯಾರಂಟಿ.

ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಹುಟ್ಟಿದವರು, ಮಂಗಳೂರಿನಲ್ಲಿ ಬದುಕಿದವರು, 2023ರ ಜನವರಿಯಲ್ಲಿ ತೀರಿಹೋದ್ರು. ಆವಾಗ ನಾನು ಅಯ್ಯೋ ಚಂದ್ರಗಿರಿ ಬರೆದವರು, ಎಂಥಾ ಪುಸ್ತಕ ಅಂತ ಸ್ಟೇಟಸ್ ಹಾಕಿದ್ದೆ. ಓದದೆ. ಇದು ನನಗೆ ಎಲ್ಲಕ್ಕಿಂತ ನಾಚಿಕೆಯಾದ ಸುಳ್ಳು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕ ಆದದ್ದು, ಬರೆಯುವಾಗ ಅವರಿಗೆ ನಲ್ವತ್ತು ದಾಟಿತ್ತು. ನಾದಿರಾ ಅಂತ ಹುಡುಗಿ, ಗಂಡನ ಜೊತೆ ಚೆನ್ನಾಗೇ ಇರ್ತಾಳೆ, ಅವಳ ಅಪ್ಪನ ಹಠಕ್ಕೆ ಸಂಸಾರ ಒಡೀತದೆ, ಆಮೇಲೆ ಗಂಡನ ಹತ್ರ ವಾಪಸ್ ಹೋಗ್ಲಿಕ್ಕೆ ಅವಳ ಎದುರು ಒಂದು ಶರತ್ತು ಇಡ್ತಾರೆ. ಮುಂದೆ ಹೇಳುದಿಲ್ಲ. ಒಂದು ಸಿಟ್ಟಿನ ಭಾಷಣ ಇಲ್ಲ ಪುಸ್ತಕದಲ್ಲಿ, ಅಡಿಗೆ, ಮಗು, ಅಮ್ಮ, ಮಳೆ, ಹೀಗೇ ಹೋಗ್ತದೆ, ಅದಕ್ಕೇ ತಡ್ಕೊಳ್ಲಿಕ್ಕೆ ಕಷ್ಟ. ಒಂದು ಶನಿವಾರ ಮಂಗಳೂರು ಸೆಂಟ್ರಲ್‌ನಿಂದ ಟ್ರೈನ್ ಹತ್ತಿ ಕಾಸರಗೋಡಿಗೆ ಹೋದೆ, ಈ ಚಂದ್ರಗಿರಿ ಹೊಳೆ ನೋಡ್ಲಿಕ್ಕಂತಲೇ. 1956ರ ತನಕ ಇದೆಲ್ಲ ನಮ್ಮ ದಕ್ಷಿಣ ಕನ್ನಡವೇ. ಹೊಳೆ ಈಗ ಕೆಂಪು, ತುಂಬಿಕೊಂಡು ಹರೀತಾ ಉಂಟು, ಎರಡು ನಿಮಿಷ ನಾನೂ ಮಾತಾಡುದಿಲ್ಲ, ಬರೀ ನೀರು ನೋಡಿ.

2025ರ ಮೇನಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಹಾರ್ಟ್ ಲ್ಯಾಂಪ್‌ಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆವಾಗ ಎಲ್ಲರ ಜೊತೆ ನಾನೂ ಕುಣಿದೆ, ಅದೂ ಓದದೆಯೇ. ಹನ್ನೆರಡು ಕಥೆ. ಇಂಗ್ಲಿಷಿನಲ್ಲಿ ಎರಡು ಓದಿ ನಿಲ್ಸಿ, ಕನ್ನಡದಲ್ಲೇ ಹುಡುಕಿ ಓದಿದೆ, ಕರಿ ನಾಗರಗಳು ಒಂದನ್ನಾದ್ರೂ ಓದಿ, ಕಾಸರವಳ್ಳಿಯವರ ಹಸೀನಾ ಸಿನಿಮಾ ಆದದ್ದು ಅದೇ ಕಥೆ. ಚಂದ್ರಗಿರಿ ಓದಿದ ಮರುವಾರವೇ ಓದಿದ್ರೆ ಈ ಇಬ್ಬರು ಒಂದೇ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ ಕೇಳ್ತದೆ, ಸಾರಾ ತಗ್ಗಿದ ದನಿ, ಬಾನು ಅವರದ್ದು ಸ್ವಲ್ಪ ಚುಚ್ಚು ಮಾತು.

ಘಾಚರ್ ಘೋಚರ್ ಬೇಗ ಹೇಳಿ ಮುಗಿಸ್ತೇನೆ, ಯಾಕಂದ್ರೆ ಇದನ್ನು ನಾನು ಹಿಂದೊಂದು ವೀಡಿಯೋದಲ್ಲಿ ನಿಮಗೇ ರೆಕಮೆಂಡ್ ಮಾಡಿದ್ದೆ, ಮೂವತ್ತು ಪುಟ ಓದಿ. ಸಾರಿ. ವಿವೇಕ ಶಾನಭಾಗರದ್ದು, ಮಸಾಲೆ ವ್ಯಾಪಾರದಲ್ಲಿ ದಿಢೀರ್ ದುಡ್ಡು ಬಂದ ಒಂದು ಕುಟುಂಬ, ಎರಡು ಬಸ್ ಟ್ರಿಪ್‌ನಲ್ಲಿ ಮುಗೀತದೆ, ಇರುವೆಗಳ ಪುಟ ಬಂದಾಗ ಮೈ ತುರಿಸ್ತದೆ. ಓದದೆ ರೆಕಮೆಂಡ್ ಮಾಡಿದ್ರೂ ಮಾತು ತಪ್ಪಾಗ್ಲಿಲ್ಲ, ಅದು ನನ್ನ ಪುಣ್ಯ.

ಹೀಗೆ ಆರೂ ಮುಗೀತು ಅಂತ ಆಟಿ ಅಮಾವಾಸ್ಯೆ ದಿನ ಬೆಳಿಗ್ಗೆ ಅಮ್ಮನ ಹತ್ರ ಜಂಬ ಕೊಚ್ಚಿದೆ. ಅಮ್ಮ ಹಾಲೆ ಮರದ ಕೆತ್ತೆಯ ಕಷಾಯ ಗ್ಲಾಸಿಗೆ ಹೊಯ್ತಾ ಇದ್ರು, ಖಾಲಿ ಹೊಟ್ಟೆಗೆ, ಎಂಥಾ ಕಹಿ ಅಂತ ಕುಡಿದವರಿಗೇ ಗೊತ್ತು. ಅಮ್ಮನ ತವರು ಕೋಟದ ಕಡೆ, ಓದು ಅವರದ್ದು ನನಗಿಂತ ಹೆಚ್ಚು, ವೈದೇಹಿಯವರ ಅಕ್ಕು ಕಥೆ ಅಂತೂ ಕಾಯಿ ತುರೀತಾ ಪೂರ್ತಿ ಹೇಳ್ತಾರೆ, ಅದು ನಮ್ಮ ಮಾತು ಅಂತ. ಅಮ್ಮ ಕೇಳಿದ್ರು, ಹಂಗಾರೆ ಮರಳಿ ಮಣ್ಣಿಗೆ? ಅದು ನಾನು ಯಾವಾಗ್ಲೋ ಓದಿದ್ದೇನಲ್ಲ ಅಂದೆ, ಬಾಯಿಗೆ ಬಂದ ಹಾಗೆ, ಅಭ್ಯಾಸ ಬಲ. ಅಮ್ಮ ಗ್ಲಾಸ್ ನನ್ನ ಕೈಗೆ ಕೊಟ್ಟು, ಓದಿದ್ಯಾ, ಹಂಗಾರೆ ಆ ನಾಗವೇಣಿ ಗಂಡ ಲಚ್ಚ ಕಡಿಗೆ ಎಂತ ಆತ್ತ್ ಹೇಳ್ ಕಾಂಬ ಅಂದ್ರು.

ಕಷಾಯ ಒಂದೇ ಗುಟುಕಿಗೆ ಕುಡ್ದೆ.

ಇದೇ ಪುಸ್ತಕ, ದಪ್ಪ ನೋಡಿ, ಟಿಫಿನ್ ಬ್ಯಾಗಿನಲ್ಲಿ ಹಿಡಿಯುದಿಲ್ಲ. ನಾಳೆ ಆಗಸ್ಟ್ 1, ಪಕ್ಕದ ಮನೆ ಅಣ್ಣ ಬೋಟಿಗೆ ಐಸ್ ತುಂಬಿಸ್ಲಿಕ್ಕೆ ಆಗ್ಲೇ ಹೋಗಿದ್ದಾರೆ. ನಾನು ಲಚ್ಚ ಇನ್ನೂ ಹುಟ್ಟದ ಪುಟದಲ್ಲಿ ಇದ್ದೇನೆ.