ದ್ರಾವಣದಿಂದ ಅರೆವಾಹಕ ಪದರ: ನಿಧಾನದ ರಸಾಯನ

ಎಲ್ಲರಿಗೂ ನಮಸ್ಕಾರ.

ಅರೆವಾಹಕ ಎಂದೊಡನೆ ನಿರ್ವಾತ ಕೋಶ, ಸುಡುವ ಕುಲುಮೆ, ಭಾರಿ ಯಂತ್ರಗಳು ಕಣ್ಣ ಮುಂದೆ ಬರುತ್ತವೆ. ಇಂದು ನಾನು ವಿವರಿಸುವ ವಿಧಾನಕ್ಕೆ ಒಂದು ಬೀಕರ್, ಬಿಸಿನೀರಿನ ತೊಟ್ಟಿ, ಚೆನ್ನಾಗಿ ತೊಳೆದ ಗಾಜಿನ ಫಲಕ ಸಾಕು. ಸೀಸದ ಸಲ್ಫೈಡಿನ ಪದರವನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಹೀಗೆ ಕೂರಿಸಿದ್ದರು. ಮುಂದೆ ಅವಕೆಂಪು ಶೋಧಕಗಳಲ್ಲಿ ಅದು ಬಳಕೆಗೆ ಬಂತು. ಉಪಕರಣ ಸರಳ, ನಿಜ. ಆದರೆ ಅದರೊಳಗಿನ ರಸಾಯನ ಸರಳವಲ್ಲ.

ಕ್ಯಾಡ್ಮಿಯಂ ಸಲ್ಫೈಡನ್ನೇ ತೆಗೆದುಕೊಳ್ಳೋಣ. ಕ್ಯಾಡ್ಮಿಯಂ ಲವಣದ ದ್ರಾವಣಕ್ಕೆ ಸೋಡಿಯಂ ಸಲ್ಫೈಡ್ ಸುರಿದರೆ ಕ್ಷಣಮಾತ್ರದಲ್ಲಿ ಹಳದಿ ಪ್ರಕ್ಷೇಪ ತಳ ಸೇರುತ್ತದೆ. ಗಾಜಿಗೆ ಏನೂ ಅಂಟುವುದಿಲ್ಲ. ಈ ಸಂಯುಕ್ತ ನೀರಿನಲ್ಲಿ ಕರಗುವುದು ಅಷ್ಟು ಕಡಿಮೆ. ಆದ್ದರಿಂದ ಕ್ಯಾಡ್ಮಿಯಂ, ಸಲ್ಫೈಡ್ ಎರಡೂ ಅಯಾನುಗಳಿಗೆ ಕಡಿವಾಣ ಬೇಕು. ಮೊದಲು ಅಮೋನಿಯಾ ಹನಿಸುತ್ತೇವೆ. ಬಿಳಿಯ ಹೈಡ್ರಾಕ್ಸೈಡ್ ಕಾಣಿಸಿಕೊಂಡು, ಅಮೋನಿಯಾ ಹೆಚ್ಚಿದಂತೆ ಮತ್ತೆ ಕರಗಿ ದ್ರಾವಣ ತಿಳಿಯಾಗುತ್ತದೆ. ಈಗ ಕ್ಯಾಡ್ಮಿಯಂ ಅಯಾನುಗಳು ಅಮೋನಿಯಾ ಅಣುಗಳ ಹಿಡಿತದಲ್ಲಿವೆ. ಗಂಧಕವನ್ನು ಥಯೋಯೂರಿಯಾ ಒದಗಿಸುತ್ತದೆ. ಕ್ಷಾರೀಯ ದ್ರಾವಣದಲ್ಲಿ, 60ರಿಂದ 80 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಅದು ಸ್ವಲ್ಪಸ್ವಲ್ಪವಾಗಿ ವಿಭಜನೆಗೊಳ್ಳುತ್ತದೆ.

ಇಲ್ಲಿ ಎರಡು ದಾರಿಗಳಿವೆ. ಅಯಾನುಗಳು ಒಂದೊಂದಾಗಿ ಗಾಜಿನ ಮೇಲೆ ಬಂದು ಸೇರಿದರೆ ಪದರ ದಟ್ಟವಾಗಿ, ಹೊಳಪಾಗಿ, ಬಿಗಿಯಾಗಿ ಕೂರುತ್ತದೆ. ದ್ರಾವಣದಲ್ಲೇ ಕಣಗಳು ಹುಟ್ಟಿ ಆಮೇಲೆ ಬಂದು ಅಂಟಿದರೆ ಪದರ ಪುಡಿಪುಡಿ. ಹತ್ತಿಯಿಂದ ಒರೆಸಿದರೆ ಎದ್ದು ಬರುತ್ತದೆ. ಕಾವು ಏರಿಸಿ, ಸಾಂದ್ರತೆ ಹೆಚ್ಚಿಸಿ ಬೇಗ ಮುಗಿಸಲು ಹೊರಟವರಿಗೆ ಸಿಗುವುದು ಸಾಮಾನ್ಯವಾಗಿ ಎರಡನೆಯದು. ಕ್ಯಾಡ್ಮಿಯಮ್ಮಿನ ಬಹುಪಾಲು ಹೇಗೂ ಪ್ರಕ್ಷೇಪವಾಗಿ ಪೋಲಾಗುತ್ತದೆ. ಅದು ವಿಷ. ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲದೆ ಸಂಗ್ರಹಿಸಿ ವಿಲೇವಾರಿ ಮಾಡುವುದೂ ಪ್ರಯೋಗದ ಭಾಗವೇ ಎಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಗುಣಗಳ ಅಧ್ಯಯನ. ದಪ್ಪವನ್ನು ತೂಕದಿಂದ ಅಳೆಯುವ ರೂಢಿಯಿದೆ. ಒಂದು ಚದರ ಸೆಂಟಿಮೀಟರ್ ಹರವಿನ, 100 ನ್ಯಾನೋಮೀಟರ್ ದಪ್ಪದ ಪದರ ಸುಮಾರು 48 ಮೈಕ್ರೋಗ್ರಾಂ ತೂಗುತ್ತದೆ. ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗವನ್ನಷ್ಟೇ ಗುರುತಿಸುವ ತಕ್ಕಡಿಗೆ ಇದು ದಕ್ಕುವುದಿಲ್ಲ. ಜೊತೆಗೆ, ಪದರದಲ್ಲಿ ರಂಧ್ರಗಳಿದ್ದರೆ ನಿಜವಾದ ದಪ್ಪ ಲೆಕ್ಕಕ್ಕಿಂತ ಹೆಚ್ಚಿರುತ್ತದೆ.

ಬೆಳಕಿನ ಹೀರಿಕೆಯಿಂದ ಶಕ್ತಿ ಅಂತರ, ಅಂದರೆ ಬಂಧನದಲ್ಲಿರುವ ಎಲೆಕ್ಟ್ರಾನನ್ನು ಹರಿದಾಡುವಂತೆ ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, ತಿಳಿಯುತ್ತದೆ. ಕ್ಯಾಡ್ಮಿಯಂ ಸಲ್ಫೈಡಿನಲ್ಲಿ ಅದು ಸುಮಾರು 2.42 ಎಲೆಕ್ಟ್ರಾನ್ ವೋಲ್ಟ್, ಅಂದರೆ 512 ನ್ಯಾನೋಮೀಟರ್ ತರಂಗಾಂತರ. ಅದಕ್ಕಿಂತ ಗಿಡ್ಡ ಅಲೆಗಳ ನೀಲಿ ಬೆಳಕನ್ನು ಹೀರುವುದರಿಂದಲೇ ಪದರ ಹಳದಿಯಾಗಿ ಕಾಣುತ್ತದೆ. ನಿಮ್ಮ ಹೀರಿಕೆಯ ನಕ್ಷೆ 2.6 ಎಲೆಕ್ಟ್ರಾನ್ ವೋಲ್ಟ್ ತೋರಿಸಿದರೆ ಅದನ್ನು ದೋಷವೆಂದು ತಳ್ಳಿಹಾಕಬೇಡಿ. ಹರಳುಗಳು ಕೆಲವೇ ನ್ಯಾನೋಮೀಟರ್ ಗಾತ್ರದವಾಗಿದ್ದರೆ ಶಕ್ತಿ ಅಂತರ ಹಿಗ್ಗುತ್ತದೆ. ಕಾಯಿಸಿದಾಗ ಹರಳು ಬೆಳೆದು ಅಂತರ ತಗ್ಗುತ್ತದೆ. ಹರಳುಗಳು ಎಕ್ಸ್-ರೇಯನ್ನು ಯಾವ ಕೋನಗಳಿಗೆ ಚದುರಿಸುತ್ತವೆ ಎಂದು ತೋರಿಸುವ ಎಕ್ಸ್-ರೇ ವಿವರ್ತನೆಯ ಶಿಖರಗಳ ಅಗಲವನ್ನು ನೋಡಿ ತಾಳೆ ಹಾಕಿ: ಹರಳು ಚಿಕ್ಕದಾದಷ್ಟೂ ಶಿಖರ ಅಗಲ. ಆದರೆ 26.5 ಡಿಗ್ರಿಯ ಬಳಿಯ ಒಂದೇ ಶಿಖರವನ್ನು ಹಿಡಿದು ರಚನೆ ಘನಾಕೃತಿಯದೋ ಷಟ್ಕೋನದ್ದೋ ಎಂದು ತೀರ್ಪು ಕೊಡಬೇಡಿ: ತಾಮ್ರದಿಂದ ಹೊಮ್ಮಿಸಿದ ಎಕ್ಸ್-ರೇ ಬಳಸಿದಾಗ ಎರಡರ ಶಿಖರವೂ ಅಲ್ಲೇ ಬೀಳುತ್ತದೆ.

ವಿದ್ಯುತ್ ಗುಣದಲ್ಲಿ ಇದು ಎನ್-ಮಾದರಿ, ಅಂದರೆ ವಿದ್ಯುತ್ತನ್ನು ಮುಖ್ಯವಾಗಿ ಎಲೆಕ್ಟ್ರಾನುಗಳೇ ಒಯ್ಯುತ್ತವೆ. ಬೆಳಕು ಬಿದ್ದರೆ ರೋಧ ಇಳಿಯುತ್ತದೆ.

ತಾಮ್ರ-ಇಂಡಿಯಂ-ಗ್ಯಾಲಿಯಂ ಸೆಲೆನೈಡಿನ ಸೌರಕೋಶಗಳಲ್ಲಿ ಸುಮಾರು 50 ನ್ಯಾನೋಮೀಟರಿನ ಇಂಥ ಪದರವನ್ನು ದ್ರಾವಣದಿಂದಲೇ ಕೂರಿಸುತ್ತಾ ಬಂದಿದ್ದಾರೆ. ದ್ರಾವಣ ಏರುತಗ್ಗಿನ ಮೇಲ್ಮೈಯ ಮೂಲೆಮೂಲೆಗೂ ಹರಿಯುತ್ತದೆ, ಅಮೋನಿಯಾ ಅಲ್ಲಿನ ಆಕ್ಸೈಡನ್ನು ತೊಳೆಯುತ್ತದೆ. ಕ್ಯಾಡ್ಮಿಯಂ ಬಿಡಬೇಕೆಂದು ಸತುವಿನ ಸಲ್ಫೈಡ್ ಆರಿಸಿಕೊಂಡರೆ ಹೈಡ್ರಾಕ್ಸೈಡ್ ಮತ್ತು ಆಕ್ಸೈಡ್ ಸುಲಭವಾಗಿ ಜೊತೆಗೂಡುತ್ತವೆ; ಪದರದಲ್ಲಿ ಗಂಧಕ ಎಷ್ಟು, ಆಮ್ಲಜನಕ ಎಷ್ಟು ಎಂಬುದನ್ನು ಪ್ರತಿ ಸಲವೂ ಅಳೆದೇ ಹೇಳಬೇಕಾಗುತ್ತದೆ.