ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ಹೋದ ಸಲ ಇದೇ ವಿಷಯ, ಮದುವೆಗೂ ಮೂಳೆ ಕ್ಯಾನ್ಸರ್‌ಗೂ ಏನು ನಂಟು ಅಂತ, ಮಾತಾಡಿದಾಗ ಒಂದು ಫಜೀತಿ ಆಯಿತು. "ಮದುವೆಯಾದ ಕ್ಯಾನ್ಸರ್ ರೋಗಿಗಳು ಜಾಸ್ತಿ ದಿನ ಬದುಕುತ್ತಾರೆ" ಎಂದು ನಾನು ಹೇಳಿ ಮುಗಿಸಿರಲಿಲ್ಲ. ಎರಡನೇ ಸಾಲಿನಲ್ಲಿದ್ದ ಒಬ್ಬ ತಾಯಿ ಪಕ್ಕದ ಮಗನ ಭುಜ ತಿವಿದು, "ಕೇಳಿಸ್ಕೊಂಡ್ಯಾ?" ಅಂದರು. ಸಭೆಯೆಲ್ಲ ನಕ್ಕಿತು. ಆ ಹುಡುಗ ಆಮೇಲೆ ನನ್ನ ಹತ್ತಿರ ಬಂದು, "ಸಾರ್, ನಿಮ್ಮಿಂದ ಇನ್ನು ಆರು ತಿಂಗಳು ಮನೇಲಿ ನೆಮ್ಮದಿ ಇಲ್ಲ" ಅಂದ. ಅವತ್ತೇ ತೀರ್ಮಾನ ಮಾಡಿದೆ, ಈ ಅಂಕಿಯನ್ನು ಬಿಡಿಸಿ ಹೇಳದೆ ಇನ್ನು ವೇದಿಕೆ ಇಳಿಯಬಾರದು ಅಂತ.

ಅಂಕಿ ಸುಳ್ಳಲ್ಲ. ಹಳೆಯದು ಕೂಡ. 1858ರಲ್ಲಿ ಬ್ರಿಟನ್ನಿನ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞ ಫ್ರಾನ್ಸಿನ ಸಾವಿನ ಲೆಕ್ಕ ಹಿಡಿದು ಕೂತ. ಮದುವೆಯಾದವರು, ಆಗದವರು, ಸಂಗಾತಿಯನ್ನು ಕಳೆದುಕೊಂಡವರು ಅಂತ ಮೂರು ರಾಶಿ ಮಾಡಿದ. ವಿಚ್ಛೇದನ ಆದವರ ರಾಶಿ ಇಲ್ಲ, ಯಾಕೆಂದರೆ ಆಗ ಫ್ರಾನ್ಸಿನಲ್ಲಿ ವಿಚ್ಛೇದನಕ್ಕೆ ಕಾನೂನೇ ಇರಲಿಲ್ಲ! ಮದುವೆಯಾದವರು ಗಟ್ಟಿ, ಸಂಗಾತಿ ಕಳೆದುಕೊಂಡವರ ಪಾಡು ಕಷ್ಟ ಎಂದು ಕಂಡಿತು. ಆದರೆ ಇಪ್ಪತ್ತು ತುಂಬುವ ಮೊದಲೇ ಮದುವೆಯಾದವರಲ್ಲಿ ಸಾವು ಜಾಸ್ತಿ ಇತ್ತು. ಈ ಕೊನೆಯ ಸಾಲನ್ನು ಯಾರೂ ಹೇಳುವುದಿಲ್ಲ.

2013ರಲ್ಲಿ ಅಮೆರಿಕದ ಸೀರ್ (SEER) ಎಂಬ ಸರ್ಕಾರಿ ಕ್ಯಾನ್ಸರ್ ದಾಖಲೆಯಿಂದ 7,34,889 ರೋಗಿಗಳ ಲೆಕ್ಕ ತೆಗೆದರು. ಕ್ಯಾನ್ಸರ್‌ನಿಂದ ಸಾಯುವ ಅಪಾಯ ಮದುವೆಯಾದವರಲ್ಲಿ ಶೇ. 20ರಷ್ಟು ಕಡಿಮೆ. ಅವರು ನೋಡಿದ ಹತ್ತು ಕ್ಯಾನ್ಸರ್‌ಗಳಲ್ಲಿ ಮೂಳೆಯದು ಇರಲಿಲ್ಲ. ಮುಂದೆ ಅದೇ ದಾಖಲೆಯಲ್ಲಿ ಮೂಳೆ ಕ್ಯಾನ್ಸರ್ ಹುಡುಕಿದವರಿಗೂ ಕಂಡದ್ದು ಹೆಚ್ಚುಕಡಿಮೆ ಇದೇ.

ಆದರೆ ಮೂಳೆ ಕ್ಯಾನ್ಸರ್ ಒಂದು ತರಲೆ ಕಾಯಿಲೆ. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಬರುವುದು ಎತ್ತರ ಬೆಳೆಯುವ ವಯಸ್ಸಿನಲ್ಲಿ, ಅದೂ ಮಂಡಿಯ ಹತ್ತಿರ. ಹದಿನಾಲ್ಕರ ಹುಡುಗನನ್ನು ಫಾರಂನಲ್ಲಿ ಏನೆಂದು ಬರೆಯುತ್ತೀರಿ? ಅವಿವಾಹಿತ! ಅವನ ಮಂಚದ ಪಕ್ಕ ಅಪ್ಪ, ಅಮ್ಮ, ಅಜ್ಜಿ ಮೂರು ಪಾಳಿಯಲ್ಲಿ ಕೂತಿರುತ್ತಾರೆ. ಸಂಗಾತಿ ಕಳೆದುಕೊಂಡವರ ಕಾಲಂ ನೋಡಿದರೆ ಬಹುಪಾಲು ಎಪ್ಪತ್ತು ದಾಟಿದವರು. ಪೂರ್ತಿ ಕೀಮೋ ತಡೆಯುವ ಶಕ್ತಿ ಎಷ್ಟೋ ಜನರಿಗೆ ಇರುವುದಿಲ್ಲ. ಇವರಿಬ್ಬರನ್ನು ಸುಮ್ನೆ ಹೋಲಿಸಿದರೆ ನೀವು ಅಳೆಯುತ್ತಿರುವುದು ವಯಸ್ಸನ್ನು, ಮದುವೆಯನ್ನಲ್ಲ. ವಯಸ್ಸು, ಕಾಯಿಲೆಯ ಹಂತ ಎಲ್ಲ ಸರಿದೂಗಿಸಿದ ಮೇಲೂ ಮದುವೆಯಾದವರ ಕಡೆ ತುಸು ಮೇಲುಗೈ ಉಳಿಯುತ್ತದೆ, ನಿಜ. ಆ ತುಸು ಎಲ್ಲಿಂದ ಬರುತ್ತದೆ?

ಮೂಳೆಯ ಗೆಡ್ಡೆ ನೋಯುವುದು ರಾತ್ರಿ. ಒಂಟಿಯಾಗಿದ್ದರೆ ಒಂದು ಮಾತ್ರೆ ನುಂಗಿ ಮಗ್ಗುಲು ಬದಲಿಸುತ್ತೀರಿ. ಪಕ್ಕದಲ್ಲಿ ಯಾರಾದರೂ ಇದ್ದರೆ, "ಮೂರು ವಾರದಿಂದ ನರಳ್ತಾ ಇದ್ದೀರಿ, ನಡೀರಿ ಡಾಕ್ಟರ ಹತ್ತಿರ" ಎಂದು ಬೈಯುತ್ತಾರೆ. ಆ ಬೈಗುಳಕ್ಕೆ ಬೆಲೆ ಇದೆ. ಶ್ವಾಸಕೋಶಕ್ಕೆ ಹರಡುವ ಮೊದಲೇ ಸಿಕ್ಕಿದ ಆಸ್ಟಿಯೋಸಾರ್ಕೋಮಾದಲ್ಲಿ ನೂರಕ್ಕೆ 60-70 ಜನ ಐದು ವರ್ಷ ದಾಟುತ್ತಾರೆ. ಹರಡಿದ ಮೇಲೆ 20-30. ಚಿಕಿತ್ಸೆಯೋ, ಸುಮಾರು 29 ವಾರ, ನಡುವೆ ಶಸ್ತ್ರಚಿಕಿತ್ಸೆ. ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ಕೊಟ್ಟ ಮೇಲೆ ಅದರ ವಿಷ ಇಳಿಸುವ ಔಷಧಿಯನ್ನು ಗಡಿಯಾರ ನೋಡಿ ಕೊಡಬೇಕು. ಮನೆಗೆ ಹೋದ ಮೇಲೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಹಾಗಾಗಿ ನನ್ನ ಪ್ರಶ್ನೆ ಒಂದೇ: ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸುತ್ತೀರಿ? ಹೆಂಡತಿಯೋ, ಅಕ್ಕನೋ, ಸ್ನೇಹಿತನೋ, ಜ್ವರಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಅಮೆರಿಕದ ಜೋನ್ ಡೆಲ್‌ಫಟೋರೆ ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದವರು, ಮದುವೆಯಾಗಿಲ್ಲ, ಕ್ಯಾನ್ಸರ್ ಗೆದ್ದವರು. ಇವರಿಗೆ ಮದುವೆಯಾಗಿಲ್ಲ ಎಂದು ಕೇಳಿದ ವೈದ್ಯರೊಬ್ಬರು ಹಗುರ ಕೀಮೋ ಸಾಕು ಅಂದರಂತೆ. ಆದರೆ ಸ್ನೇಹಿತರ ದಂಡೇ ಜೊತೆಗಿತ್ತು. ಆಕೆ ಬೇರೆ ವೈದ್ಯರನ್ನು ಹುಡುಕಿಕೊಂಡರು. 2019ರಲ್ಲಿ ಇದನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮದುವೆಯಾಗದವರು ಬೇಗ ಸಾಯುತ್ತಾರೆ ಅನ್ನುವ ಲೆಕ್ಕದಲ್ಲಿ, ಅವರಿಗೆ ಕಡಿಮೆ ಚಿಕಿತ್ಸೆ ಕೊಟ್ಟದ್ದರ ಪಾಲೆಷ್ಟು? ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಬಹಳ ಜನ ಇದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಯೋಚಿಸಿ.

ಚೀಟಿ ಬಂತು. ಐದು ನಿಮಿಷ ಅಂತೆ. ಸರಿ.

ದಾಖಲೆಯಲ್ಲಿ ಬರೆಯುವುದು ಕಾಯಿಲೆ ಪತ್ತೆಯಾದ ದಿನದ ಮದುವೆಯನ್ನು ಮಾತ್ರ. ಆಮೇಲೆ ಸಂಗಾತಿ ಬಿಟ್ಟುಹೋದರೆ ಅದರಲ್ಲಿ ಸಿಗುವುದಿಲ್ಲ. 2009ರಲ್ಲಿ 515 ರೋಗಿಗಳನ್ನು ನೋಡಿದ ಒಂದು ಅಧ್ಯಯನ ಇದೆ, ಕ್ಯಾನ್ಸರ್ ಇಲ್ಲವೇ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದ್ದವರು. ಗಂಡನಿಗೆ ಕಾಯಿಲೆ ಬಂದಾಗ ಮದುವೆ ಮುರಿದದ್ದು ಶೇ. 2.9. ಹೆಂಡತಿಗೆ ಬಂದಾಗ ಶೇ. 20.8. ಗಂಡಸರು ಯಾರೂ ನಗುತ್ತಿಲ್ಲ, ಅಲ್ವಾ?

ನೋವಿನ ವಿಚಾರ, ಕೃತಕ ಮಂಡಿ ಹಾಕಿದ ಮೇಲೆ ನಡಿಗೆ ಕಲಿಯುವುದು, ಎರಡನ್ನೂ ಇವತ್ತು ಬಿಡುತ್ತೇನೆ. ಫಾರಂ ತುಂಬಿಸುವವರಿಗೆ ಒಂದೇ ಕೋರಿಕೆ. "ಮದುವೆ ಆಗಿದೆಯಾ?" ಕೆಳಗೆ ಪೆನ್ನಿನಲ್ಲೇ ಇನ್ನೊಂದು ಸಾಲು ಸೇರಿಸಿ: "ರಾತ್ರಿ ಯಾರು ಬರುತ್ತಾರೆ? ಅವರ ನಂಬರ್ ಕೊಡಿ." ಯಾರೂ ಇಲ್ಲ ಅಂದರೆ ಔಷಧಿ ಕಡಿಮೆ ಮಾಡಬೇಡಿ, ಬರುವವರನ್ನು ಹೊಂದಿಸಿ.

ಆ ತಾಯಿ ಇವತ್ತೂ ಬಂದಿದ್ದರೆ, ಅಮ್ಮಾ, ನಿಮ್ಮ ಮಗನಿಗೆ ರಾತ್ರಿ ಹೊತ್ತು ಮಂಡಿ ನೋಯುತ್ತಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ. ಹುಡುಗಿ ಆಮೇಲೆ ನೋಡೋಣ.